ಕ್ಲಾಸಿನಲ್ಲಿ ಬರುವ ಸ್ವಾಹಿಲಿ ಪೇಟೆಯಲ್ಲಿ ಯಾಕೆ ಬರುವುದಿಲ್ಲ?

ಪ್ರಶ್ನೆ: ನಾನು ಹೊನ್ನಾವರ ತಾಲೂಕಿನವನು, 27 ವರ್ಷ. ಮನೆಮಾತು ಕೊಂಕಣಿ, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಕ್ರೈಸ್ತ ಧಾರ್ಮಿಕ ಸಭೆಯೊಂದರ ಬ್ರದರ್ ಆಗಿ ತಾಂಜಾನಿಯಾದಲ್ಲಿ ವಿಕ್ಟೋರಿಯಾ ಸರೋವರದ ದಂಡೆಯ ಮ್ವಾಂಜಾ ಕಡೆಗೆ ಹೋಗಿ ಮೂರು ತಿಂಗಳು ಸ್ವಾಹಿಲಿ ಕಲಿತೆ. ದಿನಾ ಬೆಳಿಗ್ಗೆ ನಾಲ್ಕು ತಾಸು ಕ್ಲಾಸು. ಪರೀಕ್ಷೆಯಲ್ಲಿ ಅಂಕ ಚೆನ್ನಾಗಿಯೇ ಬರುತ್ತದೆ. ಪೇಟೆಗೆ ಹೋದರೆ ಮಾತ್ರ ಹೆಂಗಸರು ಆಡುವುದು ಒಂದಕ್ಷರವೂ ತಿಳಿಯುವುದಿಲ್ಲ, ಬಾಯಿ ಕಟ್ಟಿಹೋಗುತ್ತದೆ. ಒಮ್ಮೆ ಉತ್ತರ ಕೊಡಲು ಹೋಗಿ ಹಿಂದಿ ಬಂದುಬಿಟ್ಟಿತು. ಮನೆಯಲ್ಲಿ ಜೊತೆಗಿರುವ ಕೇರಳದ ಇಬ್ಬರ ಹತ್ತಿರ ಇಂಗ್ಲಿಷೇ. ಸಂಜೆಯಾದರೆ ತಲೆಸಿಡಿತ. ಆರನೇ ತಿಂಗಳಿಗೆ ಪ್ರಾರ್ಥನಾ ಗುಂಪಿನಲ್ಲಿ ಬೈಬಲಿನ ಶುಭಸಂದೇಶದ ಮೇಲೆ ಮಾತಾಡಬೇಕೆಂದು ಮೇಲಿನವರು ಹೇಳಿದ್ದಾರೆ. ಅಪ್ಪನ ಆಪರೇಶನ್ ಇದ್ದುದರಿಂದ ಐದು ವಾರ ಊರಿಗೆ ಬಂದಿದ್ದೇನೆ. ಕಲಿತದ್ದೂ ಮರೆತುಹೋದರೆ ಎಂಬ ಹೆದರಿಕೆ. ಕನ್ನಡ ಮಾಧ್ಯಮದವನಾದ್ದರಿಂದ ಹೀಗೆ ಎನ್ನುತ್ತಾರೆ ಕೆಲವರು. ಯಲ್ಲಾಪುರದ ಸಿದ್ದಿಯವರ ಊರಿಗೆ ಹೋಗಿ ಅಭ್ಯಾಸ ಮಾಡು ಎಂದೂ ಒಬ್ಬರು ಹೇಳಿದರು. ಅಲ್ಲಿದ್ದಾಗ ದಿನಾ ಸಂಜೆ ಅಮ್ಮನ ಜೊತೆ ಒಂದು ತಾಸು ಫೋನಿನಲ್ಲಿ ಮಾತಾಡುತ್ತೇನೆ, ಅದನ್ನು ಬಿಡಬೇಕೆ?

ಉತ್ತರ: ಬ್ರದರ್, ನಿಮ್ಮ ಪತ್ರದಲ್ಲಿ ಎರಡು ಹೆದರಿಕೆ ಇವೆ. ನನ್ನ ತಲೆಗೆ ಈ ಭಾಷೆ ಹತ್ತುವುದಿಲ್ಲವೇನೋ ಎಂಬುದು ಒಂದು, ಐದು ವಾರದಲ್ಲಿ ಇದ್ದದ್ದೂ ಹೋದೀತು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಆಧಾರವಿಲ್ಲ. ಎರಡನೆಯದರಲ್ಲಿ ಸ್ವಲ್ಪ ಹುರುಳಿದೆ, ಆದರೆ ತಡೆಯಬಹುದು.

ಮೊದಲು ಲೆಕ್ಕ ನೋಡಿ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ರಾಯಭಾರ ಸಿಬ್ಬಂದಿಗೆ ಸ್ವಾಹಿಲಿ ಕಲಿಸಲು ಸುಮಾರು 36 ವಾರ ಬೇಕೆಂದು ಇಟ್ಟುಕೊಂಡಿದೆ. ಅದೂ ಬೇರೆ ಯಾವ ಕೆಲಸವೂ ಇಲ್ಲದೆ ದಿನವಿಡೀ ಕಲಿಯುವವರಿಗೆ. ನಿಮ್ಮದು 13 ವಾರ, ಅರ್ಧ ದಿನದ ಕ್ಲಾಸು. ಈ ಹಂತದಲ್ಲಿ ಪೇಟೆಯ ಮಾತು ಪೂರ್ತಿ ತಿಳಿದಿದ್ದರೆ ಅದೇ ಆಶ್ಚರ್ಯ. ಹಿಂದಿನ ಪಾದ್ರಿಗಳು ಹೋದ ಊರಿನ ಭಾಷೆಯನ್ನು ವರ್ಷದೊಳಗೆ ಅರೆದು ಕುಡಿಯುತ್ತಿದ್ದರು ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬೇಕು. ಆದರೆ ಕಿಟೆಲ್ ಕರ್ನಾಟಕಕ್ಕೆ ಬಂದದ್ದು 1853ರಲ್ಲಿ, ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ಕಿಟೆಲ್ ಓದಿದ ಬಾಸೆಲ್ ಸೆಮಿನರಿಯಲ್ಲೇ ಅವರಿಗಿಂತ ಮೊದಲು ಓದಿದ ಜರ್ಮನ್ ಪಾದ್ರಿ ಕ್ರಾಫ್ 1844ರಲ್ಲಿ ಪೂರ್ವ ಆಫ್ರಿಕಾದ ಮೊಂಬಾಸಾಕ್ಕೆ ಹೋದರು. ಅವರ ಸ್ವಾಹಿಲಿ ನಿಘಂಟು ಹೊರಬಂದದ್ದು 1882ರಲ್ಲಿ, ಅವರು ತೀರಿಕೊಂಡ ಮೇಲೆ. ಇಬ್ಬರೂ ಊರಿನವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ ಕೇಳಿ ಬರೆದುಕೊಂಡರು.

ಇನ್ನು ಪೇಟೆಯ ವಿಷಯ. ಅಲ್ಲಿನ ಹೆಂಗಸರು ತಮ್ಮತಮ್ಮಲ್ಲಿ ಆಡುತ್ತಿದ್ದದ್ದು ಸ್ವಾಹಿಲಿಯೇ ಹೌದೋ ಎಂದು ಯಾರನ್ನಾದರೂ ಕೇಳಿದ್ದೀರಾ? ಮ್ವಾಂಜಾ ಸುತ್ತಲಿನವರು ಬಹುಪಾಲು ಸುಕುಮಾ ಜನ, ತಾಂಜಾನಿಯಾದ ಅತಿ ದೊಡ್ಡ ಸಮುದಾಯ. ಅವರ ಮನೆಮಾತು ಕಿಸುಕುಮಾ. ಸ್ವಾಹಿಲಿ ಅವರಿಗೂ ಶಾಲೆಯಲ್ಲಿ, ಪೇಟೆಯಲ್ಲಿ, ಇಗರ್ಜಿಯಲ್ಲಿ (ಚರ್ಚಿನಲ್ಲಿ) ಬಂದ ಎರಡನೇ ಭಾಷೆ. ಧಾರವಾಡದಲ್ಲಿ ಕನ್ನಡ ಕಲಿತ ಪರದೇಶಿಯೊಬ್ಬ ಕಾರವಾರದ ಮೀನುಪೇಟೆಗೆ ಬಂದು, ಅಲ್ಲಿನ ಕೊಂಕಣಿ ಕೇಳಿ, ನನಗೆ ಕನ್ನಡವೇ ಬರುವುದಿಲ್ಲ ಎಂದು ಕೂತರೆ ಹೇಗೋ ಹಾಗಾಗಿರಬಹುದು ನಿಮ್ಮದು. ತಿಳಿದುಕೊಳ್ಳುವ ದಾರಿ ಸುಲಭ. ಕಿಸ್ವಾಹಿಲಿಯೋ ಕಿಸುಕುಮಾವೋ ಎಂದು ನೇರ ಕೇಳಿ, ನಗುತ್ತಾ ಹೇಳುತ್ತಾರೆ. ನಿಮ್ಮ ಕಡೆ ತಿರುಗಿ ಆಡಿದ ಮಾತನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ನಿಮ್ಮ ಕಡೆ ತಿರುಗಿ ಆಡಿದ್ದೂ ತಿಳಿಯದಿದ್ದರೆ ಅದಕ್ಕೆ ಬೇರೆ ಕಾರಣವಿದೆ. ಕ್ಲಾಸಿನಲ್ಲಿ ಕೇಳುವುದು ಬಿಡಿಸಿ ಬಿಡಿಸಿ ಹೇಳಿದ ಮಾತು. ಪುಸ್ತಕದ ‘ನಿತಕೂಜ’, ಅಂದರೆ ಬರುತ್ತೇನೆ, ಬೀದಿಯಲ್ಲಿ ‘ನ್ತಕೂಜ’ ಆಗುತ್ತದೆ. ಇಲ್ಲ ಎನ್ನಲು ‘ಹಕೂನ’ ಎಂದು ಕಲಿತಿದ್ದೀರಿ, ಅಂಗಡಿಯವ ‘ಹಾಮ್ನ’ ಅಂದುಬಿಡುತ್ತಾನೆ. ಮೇಲಾಗಿ ನೀವು ಕಲಿತದ್ದು ಕಣ್ಣಿನಿಂದ. ಸ್ವಾಹಿಲಿಯನ್ನು ಇಂಗ್ಲಿಷ್ ಮಾಡಿ, ಇಂಗ್ಲಿಷನ್ನು ಮನಸ್ಸಿನಲ್ಲೇ ಕೊಂಕಣಿ ಮಾಡಿ, ಉತ್ತರವನ್ನು ಅದೇ ದಾರಿಯಲ್ಲಿ ಹಿಂದಕ್ಕೆ ತರುವಷ್ಟರಲ್ಲಿ ಎದುರಿನವರ ಮೂರು ವಾಕ್ಯ ಮುಗಿದಿರುತ್ತದೆ. ಸಂಜೆಯ ತಲೆನೋವಿನ ಒಂದು ಭಾಗ ಈ ಹೊತ್ತುಕೊಂಡು ಓಡಾಡುವ ಕೆಲಸದ್ದೇ. ಹಿಂದಿ ನುಗ್ಗಿದ್ದಕ್ಕೆ ಗಾಬರಿ ಬೇಡ. ಹೊಸ ಭಾಷೆಯ ಪದ ಸಿಗದಿದ್ದಾಗ ಆಮೇಲೆ ಕಲಿತ ಇನ್ನೊಂದು ಭಾಷೆ ಮುಂದೆ ಬಂದು ನಿಲ್ಲುವುದು ಎಲ್ಲರಿಗೂ ಆಗುತ್ತದೆ. ಸ್ವಾಹಿಲಿ ಬಲಿತಂತೆ ತಾನಾಗಿ ಹಿಂದೆ ಸರಿಯುತ್ತದೆ.

ತಲೆನೋವಿನ ಬಗ್ಗೆ ಇನ್ನೊಂದು ಮಾತು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಜೊತೆಗೆ ಜ್ವರ, ಚಳಿ, ಮೈಕೈ ನೋವು ಇದ್ದರೆ ಕಲಿಕೆಯ ದಣಿವೆಂದು ಮಲಗದೆ ಅದೇ ದಿನ ಮಲೇರಿಯಾ ಪರೀಕ್ಷೆ ಮಾಡಿಸಿ. ಅಲ್ಲಿ ಹೆಚ್ಚಾಗಿ ಇರುವುದು ಫಾಲ್ಸಿಪಾರಮ್ ಜಾತಿ, ಒಂದೆರಡು ದಿನದಲ್ಲೇ ಕೈಮೀರಬಲ್ಲದು. ಊರಿಗೆ ಬಂದ ಮೇಲೆ ಜ್ವರ ಬಂದರೂ ಅಷ್ಟೆ. ಹೊನ್ನಾವರದ ಡಾಕ್ಟರಿಗೆ ಆಫ್ರಿಕಾದಿಂದ ಬಂದಿದ್ದೇನೆ ಎಂದು ಮೊದಲೇ ಹೇಳಿ ರಕ್ತ ಪರೀಕ್ಷೆಗೆ ಕೊಡಿ.

ಕನ್ನಡ ಮಾಧ್ಯಮದ ಮಾತು ಪೂರಾ ತಲೆಕೆಳಗು. ಪಠ್ಯಪುಸ್ತಕದ ವಿವರಣೆ ಇಂಗ್ಲಿಷಿನಲ್ಲಿರುವುದರಿಂದ ತೊಡಕಾಗಿರಬಹುದು, ಅದು ಪುಸ್ತಕದ ತೊಡಕು. ಇಂಗ್ಲಿಷ್ ಮಾತ್ರ ಗೊತ್ತಿರುವವರು ಸ್ವಾಹಿಲಿಯಲ್ಲಿ ಮುಗ್ಗರಿಸುವ ಎರಡು ಕಡೆ ನಿಮಗೆ ಮೊದಲೇ ಅಭ್ಯಾಸವಿದೆ. ಒಂದು, ಒಂದೇ ಕ್ರಿಯಾಪದದೊಳಗೆ ಯಾರು, ಯಾವಾಗ, ಯಾರನ್ನು ಎಂಬುದೆಲ್ಲ ಸೇರುವುದು. ‘ನಿಲಿಮ್ವೋನ’ ಎಂದರೆ ಅವನನ್ನು ನೋಡಿದೆ. ಕನ್ನಡದ ‘ನೋಡಿದೆ’ಯೊಳಗೂ ಯಾರು, ಯಾವಾಗ ಎಂಬುದು ಸೇರಿದೆ, ಯಾರನ್ನು ಎಂಬುದಷ್ಟೇ ಹೊಸದು. ಕನ್ನಡದಲ್ಲಿ ಪ್ರತ್ಯಯ ಹಿಂದೆ ಅಂಟುತ್ತದೆ, ಅಲ್ಲಿ ಮುಂದೆ. ಎರಡು, ನಾಮಪದ ಬದಲಾದರೆ ವಾಕ್ಯದ ಉಳಿದ ಪದಗಳೂ ಅದಕ್ಕೆ ಹೊಂದಿಕೊಳ್ಳುವುದು. ‘ಕಿತಾಬು ಚಾಂಗು ಕಿಜೂರಿ ಕಿಮೆಪೊತೇಯ’ ಎಂದರೆ ನನ್ನ ಒಳ್ಳೆ ಪುಸ್ತಕ ಕಳೆದಿದೆ. ಹಲವು ಪುಸ್ತಕಗಳಾದರೆ ‘ವಿತಾಬು ವ್ಯಾಂಗು ವಿಜೂರಿ ವಿಮೆಪೊತೇಯ’. ಕನ್ನಡದ ‘ಒಳ್ಳೆ’ ಯಾರಿಗೂ ಬದಲಾಗುವುದಿಲ್ಲ, ಆದರೆ ನಿಮ್ಮ ಮನೆಯ ಕೊಂಕಣಿಯಲ್ಲಿ ಬರೊ, ಬರಿ, ಬರೆಂ ಎಂದು ಬದಲಾಗುತ್ತದಲ್ಲ, ಅದನ್ನೇ ಇನ್ನೂ ಹೆಚ್ಚು ಗುಂಪುಗಳಿಗೆ ಹಬ್ಬಿಸಿದಂತೆ. ಒಂದು ನೋಟುಪುಸ್ತಕ ಮಾಡಿ, ವ್ಯಾಕರಣವನ್ನು ವಚನ, ಕಾಲ, ಪ್ರತ್ಯಯ ಎಂಬ ಕನ್ನಡದ ಹೆಸರಿನಲ್ಲೇ ಬರೆದುಕೊಳ್ಳಿ. ಇಂಗ್ಲಿಷಿನ ಒಂದು ಸುತ್ತು ಅಲ್ಲಿಗೇ ತಪ್ಪುತ್ತದೆ.

ಉಚ್ಚಾರದಲ್ಲೂ ನಿಮಗೆ ಅನುಕೂಲವಿದೆ. ಶಾಲೆಯಲ್ಲಿ ಬಾಯಿಪಾಠ ಮಾಡಿ ಮತ್ತೆಂದೂ ಬಳಸದ ಙ, ಞ ಎರಡಕ್ಕೂ ಅಲ್ಲಿ ದಿನಾ ಕೆಲಸ: ಙೋಂಬೆ ಎಂದರೆ ದನ, ಞುಂಬ ಎಂದರೆ ಮನೆ. ತೊಂದರೆಯಾಗುವುದು ಬೇರೆಡೆ. ‘ಮ್ತೋತೊ’, ಅಂದರೆ ಮಗು, ಇದನ್ನು ನಮ್ಮವರು ‘ಮುತೊತೊ’ ಅಥವಾ ‘ಎಮ್ತೊತೊ’ ಮಾಡುತ್ತಾರೆ. ತುಟಿ ಮುಚ್ಚಿ ಒಂದು ಮಾತ್ರೆ ಹೊತ್ತು ‘ಮ್’ ಎಂದು ಗುನುಗಿ ಆಮೇಲೆ ‘ತೋತೊ’ ಎನ್ನಿ. ಜಕಾರ ಎರಡು ಬಗೆ. ‘ಕೂಜ’ದ ಜ ನಮ್ಮ ಜನದ ಜ, ಬರುವುದು ಎಂದರ್ಥ. ಕೊಂಕಣಿಯ ‘ಜಾಲೆಂ’ನಲ್ಲಿ ಹಲ್ಲಿನ ಸಂದಿಯಿಂದ ಬರುವ ಜಕಾರದಲ್ಲಿ ಅದನ್ನೇ ಹೇಳಿದರೆ ಬೆಳೆಸುವುದು ಎಂದಾಗುತ್ತದೆ. ಒತ್ತು ಸಾಮಾನ್ಯವಾಗಿ ಕೊನೆಯಿಂದ ಎರಡನೇ ಅಕ್ಷರಕ್ಕೆ, ಹಬಾರಿ, ಉಗಾಲಿ ಹೀಗೆ. ಕನ್ನಡದವರು ಮೊದಲಕ್ಷರಕ್ಕೆ ಒತ್ತು ಕೊಡುವುದರಿಂದ ಸರಿಯಾದ ಪದವೂ ಅಲ್ಲಿನವರಿಗೆ ತಿಳಿಯದೆ ಹೋಗುತ್ತದೆ. ನಿಮ್ಮ ಮಾತಿಗೆ ಪೇಟೆಯವರು ಪಿಳಿಪಿಳಿ ನೋಡುತ್ತಿದ್ದರೆ ಮೊದಲು ಇದನ್ನೇ ಪರೀಕ್ಷಿಸಿ.

ಮೇಜು, ಸಾಬೂನು, ಬಂದರು, ದುಕಾನು, ರಂಗು, ಗಾಡಿ ಇವೆಲ್ಲ ಮೆಜ, ಸಬೂನಿ, ಬಂದಾರಿ, ದೂಕ, ರಂಗಿ, ಗಾರಿ ಎಂಬ ರೂಪದಲ್ಲಿ ಅಲ್ಲಿಯೂ ಇವೆ, ಸಮುದ್ರ ವ್ಯಾಪಾರದ ಕೊಡುಗೆ. ಅದೇ ಧೈರ್ಯದಲ್ಲಿ ನೆಂಟಸ್ತಿಕೆಯ ಪದಗಳಿಗೆ ಇಳಿಯಬೇಡಿ. ಅಲ್ಲಿ ಮಾಮಾ ಎಂದರೆ ತಾಯಿ, ದಾದಾ ಎಂದರೆ ಅಕ್ಕ, ಕಾಕಾ ಎಂದರೆ ಅಣ್ಣ. ವಯಸ್ಸಾದ ಅಂಗಡಿಯವನನ್ನು ಪ್ರೀತಿಯಿಂದ ಮಾಮಾ ಎಂದು ಕರೆದರೆ ಇಡೀ ಸಾಲು ನಗುತ್ತದೆ. ಹಿರಿಯರಿಗೆ ಮೊದಲು ‘ಶಿಕಮೋ’, ಅವರು ‘ಮರಹಾಬ’ ಎಂದ ಮೇಲೆ ಮನೆಯ ಸುದ್ದಿ, ಕೆಲಸದ ಸುದ್ದಿ, ಆಮೇಲೆ ಟೊಮೆಟೊ ಬೆಲೆ. ನೇರ ಬೆಲೆಗೆ ಹೋಗುವುದು ಒರಟುತನ. ಈ ಕುಶಲೋಪರಿ ಕಲಿಯುವವರಿಗೆ ದೊಡ್ಡ ಲಾಭ. ಐದಾರು ಸಾಲು ದಿನಾ ಅದೇ ಇರುತ್ತದೆ, ಬಾಯಿ ಕಟ್ಟುವ ಪ್ರಮೇಯವಿಲ್ಲ.

ಯಲ್ಲಾಪುರಕ್ಕೆ ಹೋಗುವ ಸಲಹೆ ಬಿಟ್ಟುಬಿಡಿ. ಸಿದ್ದಿಯವರ ಪೂರ್ವಜರು ಆಫ್ರಿಕಾದಿಂದ ಬಂದದ್ದು ನಿಜ, ಬಹುಪಾಲು ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ. ಆದರೆ ತಲೆಮಾರುಗಳಿಂದ ಅವರು ಯಲ್ಲಾಪುರ, ಹಳಿಯಾಳ, ಅಂಕೋಲಾ ಕಾಡಂಚಿನ ಉತ್ತರ ಕನ್ನಡದವರು. ಆಡುವುದು ತಮ್ಮದೇ ಬಗೆಯ ಕೊಂಕಣಿ, ಜೊತೆಗೆ ಕನ್ನಡ. ಮುಖ ನೋಡಿ ಸ್ವಾಹಿಲಿಯಲ್ಲಿ ಮಾತಾಡಿಸಿದರೆ ನಿಮಗೂ ಮುಜುಗರ, ಅವರಿಗೂ ಬೇಸರ.

ಈ ಐದು ವಾರದಲ್ಲಿ ಮಾಡಬೇಕಾದದ್ದು ಬೇರೆ. ಮ್ವಾಂಜಾದಲ್ಲಿ ನಿಮಗೆ ಪರಿಚಯವಿರುವ, ಇಂಗ್ಲಿಷ್ ಅಷ್ಟಾಗಿ ಬಾರದ ಒಬ್ಬ ವ್ಯಕ್ತಿಯನ್ನು ಗೊತ್ತು ಮಾಡಿಕೊಳ್ಳಿ. ಅಡುಗೆಯವರು, ಚರ್ಚಿನ ಉಪದೇಶಿ, ನಿವೃತ್ತ ಪ್ರಾಥಮಿಕ ಶಾಲೆ ಮಾಸ್ತರು ಯಾರಾದರೂ ಸರಿ. ವಾರಕ್ಕೊಂದು ವಾಟ್ಸಾಪ್ ಧ್ವನಿ ಸಂದೇಶ ಕಳಿಸಲು ಕೇಳಿ, ಎರಡು ನಿಮಿಷ ಮೀರಬಾರದು. ಅದಕ್ಕಿಂತ ಉದ್ದವಾದರೆ ಕೇಳಿದಂತೆ ಅನಿಸುತ್ತದೆ, ಕಿವಿಯಲ್ಲಿ ಏನೂ ಉಳಿಯುವುದಿಲ್ಲ. ವಿಷಯ ಕೈಯಿಂದ ಮಾಡುವ ಕೆಲಸವಾಗಿರಲಿ: ಉಗಾಲಿ ಮಾಡುವುದು, ಬಟ್ಟೆ ಒಗೆಯುವುದು, ದಲದಲಾ (ಅಲ್ಲಿನ ಮಿನಿಬಸ್ಸು) ಹತ್ತಿ ಪೇಟೆಗೆ ಹೋಗುವುದು, ದವಾಖಾನೆಯಲ್ಲಿ ಚೀಟಿ ಮಾಡಿಸುವುದು, ಸರೋವರದ ದಂಡೆಯಲ್ಲಿ ದಗಾ ಮೀನು ಒಣಗಿಸುವುದು.

ಮೊದಲ ದಿನ ಮೂರು ಸಲ ಕೇಳಿ, ಪೆನ್ನು ಮುಟ್ಟಬೇಡಿ. ಏನು ತಿಳಿಯಿತೋ ಅದನ್ನು ಕೊನೆಗೆ ಕನ್ನಡದಲ್ಲಿ ಎರಡು ಸಾಲು ಬರೆಯಿರಿ. ಎರಡನೇ ದಿನ ಒಂದೊಂದು ತುಣುಕಿಗೆ ನಿಲ್ಲಿಸಿ, ಅದೇ ಏರಿಳಿತದಲ್ಲಿ ಗಟ್ಟಿಯಾಗಿ ಹೇಳಿ. ಮನಸ್ಸಿನಲ್ಲಿ ಹೇಳಿಕೊಂಡರೆ ಪ್ರಯೋಜನವಿಲ್ಲ, ನಾಲಿಗೆಗೆ ಕೆಲಸ ಬೇಕು. ಮೂರನೇ ದಿನ ಕೇಳಿದ್ದನ್ನು ಕೇಳಿದ ಹಾಗೆ ಬರೆದು ಫೋಟೋ ಕಳಿಸಿ ತಿದ್ದಿಸಿಕೊಳ್ಳಿ. ನಾಲ್ಕನೇ ದಿನ ಪುಸ್ತಕ ಮುಚ್ಚಿ, ಅದನ್ನೇ ನಿಮ್ಮ ಮಾತಿನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿ ಕಳಿಸಿ. ಐದನೇ ದಿನ ಅವರು ಅದೇ ಕೆಲಸವನ್ನು ‘ನಿನ್ನೆ ಮಾಡಿದೆ’ ಎಂದು ಹೇಳಿ ಕಳಿಸಲಿ. ಆಗ ಕ್ರಿಯಾಪದ ಎಲ್ಲಿ ಬದಲಾಯಿತು ಎಂದು ಕಿವಿಯೇ ಹಿಡಿಯುತ್ತದೆ. ದಿನಕ್ಕೆ 20 ನಿಮಿಷದಂತೆ ಎರಡು ಸಲ ಸಾಕು.

ಒಂದು ವಾಕ್ಯ ಬಿಡಿಸಿ ತೋರಿಸುತ್ತೇನೆ. ಉಗಾಲಿಯೆಂದರೆ ಗೋವಿನಜೋಳದ ಹಿಟ್ಟನ್ನು ಕುದಿನೀರಿಗೆ ಹಾಕಿ ತಿರುವಿದ ಗಟ್ಟಿ ಮುದ್ದೆ. ಅದನ್ನು ಹೇಳುವವರು ‘ಮಾಜಿ ಯಕಿಚೆಮ್ಕ, ಉನತೀಯ ಉಂಗ’ ಎನ್ನುತ್ತಾರೆ: ನೀರು ಕುದ್ದರೆ ಹಿಟ್ಟು ಹಾಕುತ್ತೀ. ‘ಯಕಿಚೆಮ್ಕ’ದ ‘ಯ’ ನೀರಿನ ಗುಂಪಿನ ಗುರುತು, ‘ಚೆಮ್ಕ’ ಕುದಿ, ನಡುವಿನ ‘ಕಿ’ ನಮ್ಮ ‘ಕುದ್ದರೆ’ಯ ‘ಅರೆ’. ಇಂಗ್ಲಿಷಿನ ಮೂಲಕ ಹೋದವರು ಇಲ್ಲಿ ಬೇರೊಂದು ಪದ ಹುಡುಕುತ್ತಾ ನಿಲ್ಲುತ್ತಾರೆ. ಕನ್ನಡದವರಿಗೆ ‘ಕಿ’ ಎಂದರೆ ‘ಅರೆ’ ಎಂದು ಹೇಳಿದರೆ ಮುಗಿಯಿತು. ‘ಮಳೆ ಬಂದರೆ’, ‘ನೀವು ಹೋದರೆ’ ಎಲ್ಲ ಅದೇ ಅಚ್ಚಿನಲ್ಲಿ ಬರುತ್ತವೆ.

ಇದರ ಜೊತೆ, ಊರಲ್ಲಿರುವಾಗಲೇ ‘ನಮ್ಮೂರು’ ಎಂಬ ಎರಡು ನಿಮಿಷದ ಮಾತು ತಯಾರಿಸಿಕೊಳ್ಳಿ. ಎಲ್ಲಿಯವರು, ಮನೆಯಲ್ಲಿ ಯಾರಿದ್ದಾರೆ ಎಂದು ಅಲ್ಲಿ ಪ್ರತಿಯೊಬ್ಬರೂ ಕೇಳುತ್ತಾರೆ. ಕಾಸರಕೋಡ ಟೊಂಕದಲ್ಲಿ ಮೀನು ಒಣಗಿಸುವುದನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಿ. ಸರೋವರದ ದಂಡೆಯಲ್ಲಿ ದಗಾ ಒಣಗಿಸುವ ಹೆಂಗಸರಿಗೆ ಅದನ್ನು ತೋರಿಸಿದರೆ, ಉಪ್ಪು ಎಷ್ಟು, ಎಷ್ಟು ದಿನ ಬಿಸಿಲು ಎಂದು ಪ್ರಶ್ನೆಗಳು ಅವರಿಂದಲೇ ಬರುತ್ತವೆ.

ವಾಪಸು ಹೋದ ಮೇಲೆ ನಿಮ್ಮ ಮುಂದೆ ಮೂರು ದಾರಿ. ಭಾಷಾಶಾಲೆಯನ್ನೇ ಮುಂದುವರಿಸುವುದು ಸುರಕ್ಷಿತ, ವ್ಯಾಕರಣ ಗಟ್ಟಿಯಾಗುತ್ತದೆ. ಆದರೆ ಸುತ್ತ ಪರದೇಶಿಗಳೇ, ಊಟದ ಮೇಜಿನಲ್ಲಿ ಇಂಗ್ಲಿಷೇ. ಹಳ್ಳಿಯ ಧರ್ಮಕೇಂದ್ರಕ್ಕೆ ಹೋಗಿ ಇರುವುದು ಎರಡನೆಯದು. ಕಿವಿ ಬೇಗ ತೆರೆಯುತ್ತದೆ, ಆದರೆ ಹಳ್ಳಿ ಒಳಗಿದ್ದಷ್ಟೂ ಕಿಸುಕುಮಾ ಹೆಚ್ಚು, ಸ್ವಾಹಿಲಿ ಕಡಿಮೆ. ಇನ್ನೂ ದೊಡ್ಡ ಅಪಾಯ ಕೆಲಸದ್ದು. ಹೊಸಬ ಬಂದನೆಂದರೆ ಜೀಪು ಓಡಿಸುವುದು, ಲೆಕ್ಕ ಬರೆಯುವುದು, ಶಾಲೆಯಲ್ಲಿ ಇಂಗ್ಲಿಷ್ ಪಾಠ ಎಲ್ಲವೂ ಅವನ ತಲೆಗೆ. ಎರಡೇ ವಾರದಲ್ಲಿ ಕಲಿಕೆ ನಿಲ್ಲುತ್ತದೆ. ಬೇಗ ಕೆಲಸಕ್ಕೆ ಹಚ್ಚಿದವರ ಸ್ವಾಹಿಲಿ ಅಡುಗೆಮನೆ ಮತ್ತು ಗ್ಯಾರೇಜಿನ ಮಟ್ಟದಲ್ಲೇ ನಿಂತುಹೋದದ್ದನ್ನು ಈ ಕೆಲಸದಲ್ಲಿ ಮತ್ತೆ ಮತ್ತೆ ಕಾಣುತ್ತೇವೆ. ಮೂರನೆಯದು, ದಿನಕ್ಕೆ ಒಂದು ತಾಸು ಊರಿನವರೊಬ್ಬರನ್ನು ಸಂಬಳಕ್ಕೆ ಗೊತ್ತು ಮಾಡಿಕೊಳ್ಳುವುದು. ಅವರು ಮಾಸ್ತರಿಕೆಗೆ ಇಳಿದು ವ್ಯಾಕರಣ ಹೇಳತೊಡಗಿದರೆ ಹಣ ದಂಡ. ಕತೆ ಹೇಳಿ, ತಿದ್ದಿ, ಪ್ರಶ್ನೆ ಕೇಳಿ ಎಂದು ಮೊದಲೇ ತಿಳಿಸಬೇಕು. ಕೂರುವುದು ಯಾವಾಗಲೂ ಜನ ಓಡಾಡುವ ಅಂಗಳದಲ್ಲಿ. ಮಕ್ಕಳ ಜೊತೆ ಅಭ್ಯಾಸ ಮಾಡುವಾಗಲಂತೂ ಇದು ಕಡ್ಡಾಯ.

ನನ್ನ ಅಭಿಪ್ರಾಯ ಕೇಳಿದರೆ, ಕೋರ್ಸು ಮುಗಿಯುವವರೆಗೆ ಶಾಲೆ ಬಿಡಬೇಡಿ, ಮಧ್ಯಾಹ್ನದ ಒಂದು ತಾಸು ಮೂರನೇ ದಾರಿಗೆ ಕೊಡಿ, ಆಮೇಲೆ ಎರಡು ತಿಂಗಳು ಹಳ್ಳಿಗೆ ಹೋಗಿ. ಆ ಎರಡು ತಿಂಗಳು ಬೇರೆ ಜವಾಬ್ದಾರಿ ಇಲ್ಲವೆಂದು ಮೇಲಿನವರಿಂದ ಬರಹದಲ್ಲೇ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಜೀಪಿನ ಕೀಲಿಯೆದುರು ನಿಲ್ಲುವುದಿಲ್ಲ. ಕೇರಳದ ಗೆಳೆಯರ ಜೊತೆ ಇಂಗ್ಲಿಷ್ ಪೂರ್ತಿ ಬಿಡುತ್ತೇವೆಂಬ ಪ್ರತಿಜ್ಞೆ ಮೂರು ದಿನ ಬಾಳುವುದಿಲ್ಲ. ರಾತ್ರಿ ಊಟ ಮಾತ್ರ ಸ್ವಾಹಿಲಿಯಲ್ಲಿ ಎಂದು ಗೊತ್ತು ಮಾಡಿಕೊಂಡರೆ ನಡೆಯುತ್ತದೆ.

ಪ್ರಾರ್ಥನಾ ಗುಂಪಿನ ಮಾತನ್ನು ಮುಂದೂಡಬೇಡಿ, ಚಿಕ್ಕದು ಮಾಡಿ. ಅಲ್ಲಿನ ‘ಜುಮುಯ’ ಅಕ್ಕಪಕ್ಕದ ಮನೆಗಳವರು ವಾರಕ್ಕೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ಶುಭಸಂದೇಶ ಓದಿ ಮಾತಾಡುವ ಗುಂಪು, ಇಗರ್ಜಿಯ ಪೀಠದಷ್ಟು ಹೆದರಿಸುವ ಜಾಗವಲ್ಲ. ವಾಪಸು ಹೋದ ಕೂಡಲೇ ಪ್ರತಿವಾರ ಹೋಗಿ ಕೂರಿ, ಸ್ವಲ್ಪ ದಿನದ ಮೇಲೆ ಪಾಠ ಓದುವ ಕೆಲಸ ಕೇಳಿ ಪಡೆಯಿರಿ, ಆರನೇ ತಿಂಗಳಿಗೆ ಹತ್ತು ಹನ್ನೆರಡು ವಾಕ್ಯ ಸಾಕು. ಇಂಗ್ಲಿಷಿನಲ್ಲಿ ಬರೆದು ಅನುವಾದ ಮಾಡಿಸಬೇಡಿ. ನಿಮ್ಮ ಬಾಯಲ್ಲಿ ನಿಲ್ಲದ ವಾಕ್ಯಗಳು ಬರುತ್ತವೆ. ಬಂದಷ್ಟು ಸ್ವಾಹಿಲಿಯಲ್ಲೇ ಬರೆದು ತಿದ್ದಿಸಿ. ಪೂಜೆಯ ಪ್ರಾರ್ಥನೆಗಳು ಬಾಯಿಗೆ ಬಂದವು ಎಂದು ಸಮಾಧಾನಪಟ್ಟುಕೊಳ್ಳುವವರಿದ್ದಾರೆ. ಅವು ಬೇಕು, ಆದರೆ ಆ ಭಾಷೆ ಎತ್ತರದ್ದು, ಅದರಲ್ಲಿ ನೆರೆಮನೆಯವರ ಮಾತಿಗೆ ಉತ್ತರ ಸಿಗುವುದಿಲ್ಲ. ಹೋಗುವ ಹೊತ್ತನ್ನೂ ಸರಿಯಾಗಿ ಕೇಳಿಕೊಳ್ಳಿ. ಅಲ್ಲಿ ದಿನದ ಎಣಿಕೆ ಬೆಳಿಗ್ಗೆ ಆರರಿಂದ ಶುರು, ಏಳು ಗಂಟೆಗೆ ‘ಸಾ ಮೋಜ’, ಅಂದರೆ ಒಂದು. ಜುಮುಯ ‘ಸಾ ಕೂಮಿ’ಗೆ ಎಂದರೆ ಪದಶಃ ಹತ್ತು, ಗಡಿಯಾರದಲ್ಲಿ ಸಂಜೆ ನಾಲ್ಕು. ಆರು ಕೂಡಿಸಿ ಅಥವಾ ಕಳೆಯಿರಿ, ಬೆಳಗೋ ಸಂಜೆಯೋ ಎಂದು ಖಚಿತ ಮಾಡಿಕೊಳ್ಳಿ. ಬಸ್ ಟಿಕೆಟಿನಲ್ಲಿ ಈ ಗೊಂದಲ ದುಬಾರಿ.

ಅಮ್ಮನಿಗೆ ಫೋನ್ ಮಾಡುವುದನ್ನು ನಿಲ್ಲಿಸಬೇಡಿ. ಮನೆಮಾತಿನಲ್ಲಿ ಮನಸ್ಸು ಬಿಚ್ಚಿ ಮಾತಾಡುವುದರಿಂದ ಹೊಸ ಭಾಷೆ ಕೆಡುವುದಿಲ್ಲ, ಒಂಟಿತನದಿಂದ ಕೆಡುತ್ತದೆ. ತಪ್ಪಿರುವುದು ಹೊತ್ತು. ಸಂಜೆ ಐದರಿಂದ ಏಳು ಅಕ್ಕಪಕ್ಕದವರು ಹೊರಗೆ ಕೂತು ಮಾತಾಡುವ ಸಮಯ, ಅದನ್ನು ನೀವು ಕೋಣೆಯೊಳಗೆ ಫೋನಿಗೆ ಕೊಡುತ್ತಿದ್ದೀರಿ. ತಾಂಜಾನಿಯಾ ನಮಗಿಂತ ಎರಡೂವರೆ ತಾಸು ಹಿಂದೆ. ಅಲ್ಲಿ ಮಧ್ಯಾಹ್ನ ಊಟವಾಗಿ ಒಂದು ಗಂಟೆಗೆ ಮಾಡಿದರೆ ಹೊನ್ನಾವರದಲ್ಲಿ ಮೂರೂವರೆ, ಅಮ್ಮ ಚಹಾಕ್ಕೆ ಇಡುವ ಹೊತ್ತು. ವಾರದ ದಿನಗಳಲ್ಲಿ ಹತ್ತು ಹದಿನೈದು ನಿಮಿಷ, ಭಾನುವಾರ ಬೇಕಾದಷ್ಟು. ಈ ಬದಲಾವಣೆಯನ್ನು ಹೊರಡುವ ಮೊದಲೇ ಮನೆಯಲ್ಲಿ ಹೇಳಿಡಿ, ಇಲ್ಲದಿದ್ದರೆ ಮೊದಲ ಸಂಜೆ ಫೋನ್ ಬಾರದಿದ್ದಾಗ ಅವರು ಗಾಬರಿಯಾಗುತ್ತಾರೆ.